ಹಾಕಿದ ಗೆರೆ ದಾಟದ ರೋಬೋ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ನಗುವುದಕ್ಕೆಂದು ಬೇರೆ ಕಡೆ ಹೋಗುವ ಅಗತ್ಯವೇ ಬೀಳುವುದಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಲ್ಯಾಬಿನ ಬಾಗಿಲು ತಟ್ಟುತ್ತದೆ.

ಕಳೆದ ವರ್ಷ ಶಿವಮೊಗ್ಗದ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಜೋಡಿಸಿ ಆಡುವ ರೋಬೋ ಸೆಟ್ ಕೊಟ್ಟರು. ಎಂಟನೇ ಕ್ಲಾಸಿನ ಹುಡುಗಿಯರು ಕುಣಿದಾಡಿದರು. ನಾನು ಮಾತ್ರ ಕುಣಿಯಲಿಲ್ಲ. ಏಕೆಂದರೆ ಹೆಡ್‌ಮಾಸ್ತರ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಒಳಗೆ ಹೋದ ಮೈಕ್ರೋಸ್ಕೋಪು ಇವತ್ತಿಗೂ ಹೊರಗೆ ಬಂದಿಲ್ಲ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ನಾನು ಗೋಗರೆದ ಮೇಲೆ ಷರತ್ತು ಹಾಕಿದರು: "ಭದ್ರಾವತೀಲಿ ರೋಬೋ ಸ್ಪರ್ಧೆ ಇದೆಯಂತಲ್ಲ, ಪ್ರೈಜ್ ತನ್ನಿ. ಇಲ್ದಿದ್ರೆ ಬೀರುವಿಗೆ."

ಕಂಪನಿಯವರ ಧಾರಾಳ

ಜೋಡಿಸುವ ಕೆಲಸವನ್ನು ಹೆಡ್‌ಮಾಸ್ತರೇ ಮೈಮೇಲೆ ಎಳೆದುಕೊಂಡರು. "ನಾನು ಭದ್ರಾವತಿ ಓಲ್ಡ್ ಟೌನಿನೋನು ಕಣ್ರೀ, ಹುಟ್ಟಿದ್ದೇ ಸ್ಪ್ಯಾನರ್ ಸದ್ದು ಕೇಳ್ಕೊಂಡು" ಎಂದು ತಮ್ಮ ರೂಮಿನಲ್ಲೇ ತೋಳೇರಿಸಿದರು. ಜೊತೆಗಿದ್ದ ಪುಸ್ತಕದಲ್ಲಿ ಬರೀ ಚಿತ್ರಗಳು. ಅದನ್ನೂ ತಿರುವಿ ನೋಡಲಿಲ್ಲ. ರೋಬೋ ಎದ್ದು ನಿಂತಾಗ ಮೇಜಿನ ಮೇಲೆ ಒಂದು ಹಿಡಿ ಸ್ಕ್ರೂ ಉಳಿದಿತ್ತು.

"ಸಾರ್, ಇವು?" ಎಂದೆ.

"ಕಂಪನಿಯೋರು ಧಾರಾಳವಾಗಿ ಕೊಟ್ಟಿದಾರೆ, ಬಿಡ್ರೀ."

ಸ್ವಿಚ್ ಒತ್ತಿದೆವು. ರೋಬೋ ಅವರ ಕಡೆಗೇ ಮುಖ ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ಸರಿದು ಬಾಗಿಲ ತನಕ ಹೋಯಿತು. ಹುಡುಗಿಯರು ವೇಲಿನಿಂದ ಬಾಯಿ ಮುಚ್ಚಿಕೊಂಡರು. ಹೆಡ್‌ಮಾಸ್ತರು ಒಂದಿಷ್ಟೂ ಅಳುಕದೆ ಹೇಳಿದರು: "ನೋಡಿ ಕಲೀರಿ. ನನ್ನ ರೂಮಿಂದ ಹೊರಗೆ ಹೋಗೋದು ಹೀಗೆ. ಬೆನ್ನು ತೋರಿಸ್ಬಾರ್ದು!"

ಹರಕೆ

ಈ ಸೆಟ್ಟಿನ ದೊಡ್ಡ ಗುಣವೆಂದರೆ, ಯಾರು ಎಷ್ಟೇ ಕೆಡಿಸಿದರೂ ಬಿಚ್ಚಿ ಮತ್ತೆ ಕಟ್ಟಬಹುದು. ಹುಡುಗಿಯರು ಹಾಗೇ ಮಾಡಿದರು. ಈಗ ಅದು ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಸರಿಯಾಗಿ ಓಡತೊಡಗಿತು. ಸ್ಪರ್ಧೆಗೆ ಬೇಕಾಗಿದ್ದೂ ಅದೇ.

ಒಂದು ಶುಕ್ರವಾರ ನಮ್ಮ ಆಯಮ್ಮ ಶಾಲೆಯ ಬಾಗಿಲಿಗೆ ದೊಡ್ಡದೊಂದು ಎಳೆ ರಂಗೋಲಿ ಹಾಕಿದ್ದರು. ಬಿಳಿ ಗೆರೆಯನ್ನೂ ಹಿಡಿಯುತ್ತದೋ ನೋಡೋಣವೆಂದು ತಂಡದ ಲೀಡರ್ ಹುಡುಗಿ ರೋಬೋವನ್ನು ಅದರ ಮೇಲೆ ಬಿಟ್ಟಳು. ಹಿಡಿಯಿತು. ಆದರೆ ಎಳೆ ರಂಗೋಲಿಗೆ ಶುರುವೂ ಇಲ್ಲ, ಕೊನೆಯೂ ಇಲ್ಲ. ರೋಬೋ ಚುಕ್ಕಿಗಳನ್ನು ಬಳಸಿ, ಸುತ್ತಿ, ಹೊರಟಲ್ಲಿಗೇ ಬಂದು ಮತ್ತೆ ಹೊರಟಿತು. ಬೆಲ್ಲಾಯಿತು, ಪ್ರಾರ್ಥನೆ ಮುಗಿಯಿತು, ಅದು ಇನ್ನೂ ಸುತ್ತುತ್ತಲೇ ಇತ್ತು.

ಹುಡುಗಿ ಎತ್ತಿಕೊಳ್ಳಲು ಬಗ್ಗಿದಾಗ ಆಯಮ್ಮ ಗಾಬರಿಯಿಂದ ತಡೆದರು. "ಮುಟ್ಬೇಡ ಕಣವ್ವಾ! ಏನೋ ಹರಕೆ ಇರ್ಬೇಕು, ತೀರಿಸ್ಕೊಳ್ಳಿ."

ಹೊಟ್ಟೆಬಾಕ

ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕಲ್ಲ. ಈ ರೋಬೋಗೆ ಸೆಲ್ಲಿನ ಹಸಿವು ವಿಪರೀತ. ಒಂದು ಮಧ್ಯಾಹ್ನ ಒಂದು ಸೆಲ್ ಕಡಿಮೆಯಾಯಿತೆಂದು ಹುಡುಗಿಯರು ಸ್ಟಾಫ್ ರೂಮಿನ ಗಡಿಯಾರದ್ದನ್ನು ಬಿಚ್ಚಿಕೊಂಡು ಹೋದರು. ಆಯಮ್ಮ ಬೆಲ್ ಹೊಡೆಯುವುದು ಆ ಗಡಿಯಾರ ನೋಡಿಯೇ. ಗಡಿಯಾರ ನಿಂತಿತು, ಕೊನೆಯ ಪೀರಿಯಡ್ಡೂ ಮುಗಿಯದೆ ನಿಂತಿತು. ಗೇಟಿನ ಹೊರಗೆ ಆಟೋದವರು ಹಾರನ್ ಮೇಲೆ ಹಾರನ್.

ಕೊನೆಗೆ ಗಣಿತದ ಮೇಷ್ಟ್ರು ಬೆವರೊರೆಸುತ್ತಾ ಆನಂದಬಾಷ್ಪದೊಂದಿಗೆ ಹೊರಬಂದರು: "ಮೇಡಂ, ನನ್ನ ಸರ್ವೀಸಿನಲ್ಲೇ ಮೊದಲ ಸಲ ಪೋರ್ಷನ್ ಮುಗೀತು!"

ಭದ್ರಾವತಿಯ ಭಾಷಣ

ಸ್ಪರ್ಧೆಯ ದಿನ ಬಂತು. ಹೆಡ್‌ಮಾಸ್ತರೂ ಜೊತೆಗೆ ಹೊರಟರು. ಬೀರುವಿನ ಕೀಲಿ ಅವರ ಜೇಬಿನಲ್ಲೇ ಇತ್ತು.

ಉದ್ಘಾಟನೆಗೆ ಬಂದ ಅತಿಥಿಗಳು ವಿಜ್ಞಾನದ ಇತಿಹಾಸ ಹಿಡಿದರು. ಚಕ್ರ ಕಂಡುಹಿಡಿದ ಕಾಲದಿಂದ ಶುರು ಮಾಡಿದವರು, ಹಸಿವಿನಿಂದ ಮಕ್ಕಳ ಮುಖ ಬಾಡಿದರೂ, ಎತ್ತಿನಗಾಡಿಗೇ ಬಂದಿರಲಿಲ್ಲ. "ಮೇಡಂ, ಒಂದ್ಸಲ ಟ್ರಯಲ್ ನೋಡ್ಲಾ?" ಎಂದು ಲೀಡರ್ ಪಿಸುಗುಟ್ಟಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಹಾಲಿಗೆ ವೇದಿಕೆ ಇರಲಿಲ್ಲ; ಅತಿಥಿಗಳು ನಿಂತಿದ್ದ ನೆಲದ ಮೇಲೇ ಒಂದು ಪಕ್ಕಕ್ಕೆ ಕಪ್ಪು ಟೇಪಿನ ಟ್ರ್ಯಾಕ್ ಇತ್ತು. ರೋಬೋ ಚೆನ್ನಾಗಿಯೇ ಹೊರಟಿತು. ಆದರೆ ತಿರುವಿನಲ್ಲಿ ಟೇಪಿಗೆ ತಾಗಿಕೊಂಡೇ ಅತಿಥಿಗಳ ಮೈಕಿನ ಕಪ್ಪು ವೈರು ಬಿಳಿ ಟೈಲ್ಸ್ ಮೇಲೆ ಹಾದುಹೋಗಿತ್ತು. ರೋಬೋ ಟೇಪು ಬಿಟ್ಟು ವೈರು ಹಿಡಿಯಿತು.

"ಅಯ್ಯೋ ಮಾರಾಯ್ತಿ, ಹಿಡಿಯೇ!" ಎಂದು ಒಬ್ಬಳು ಕೂಗುವಷ್ಟರಲ್ಲಿ ಅದು ಅತಿಥಿಗಳ ಕಾಲ ಬುಡದಲ್ಲಿತ್ತು. ಅಡ್ಡ ಏನಾದರೂ ಸಿಕ್ಕರೆ ನಿಂತು, ಕೈ ಮೇಲೆತ್ತಿ, ಕೀಂ ಕೀಂ ಎನ್ನುವುದು ಅದರ ಇನ್ನೊಂದು ಗುಣ. ಅಡ್ಡ ಸಿಕ್ಕಿದ್ದು ಅತಿಥಿಗಳ ಬೂಟು.

ಅವರು ಕೆಳಗೆ ನೋಡಿದರು. ಸಂಘಟಕರತ್ತ ನೋಡಿದರು. "ಸಮಯ ಆಯ್ತು ಅಂತ ಹೇಳೋಕೆ ಈ ವ್ಯವಸ್ಥೆ ಮಾಡಿದೀರಾ? ಭೇಷ್!" ಎಂದು ಕುಳಿತೇಬಿಟ್ಟರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಗು ತಡೆಯಲಾರದೆ ನಾನು ಕಣ್ಣೊರೆಸಿಕೊಂಡೆ.

ನಿಜವಾದ ಸ್ಪರ್ಧೆಯಲ್ಲಿ ಮಾತ್ರ ನಮ್ಮ ರೋಬೋದ ಒಂದು ಚಕ್ರ ಕಳಚಿ ಉರುಳಿತು. ಚಕ್ರ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿತು, ರೋಬೋ ಮುಟ್ಟಲಿಲ್ಲ. ತೀರ್ಪುಗಾರರು ಚಕ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾಪಸ್ ಬಸ್ಸಿನಲ್ಲಿ ಲೀಡರ್ ಹುಡುಗಿ ರೋಬೋವನ್ನು ತೊಡೆಯ ಮೇಲಿಟ್ಟುಕೊಂಡು ಅಳು ನುಂಗುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ಹೆಡ್‌ಮಾಸ್ತರು ನಿಧಾನಕ್ಕೆ ತಿರುಗಿದರು.

"ಮೇಡಂ, ನಮ್ಮ ವಾರ್ಷಿಕೋತ್ಸವಕ್ಕೆ ಈ ಸಲಾನೂ ಆಡಳಿತ ಮಂಡಳಿ ಅಧ್ಯಕ್ಷರೇ ಭಾಷಣ ಮಾಡೋದಲ್ವಾ?"

"ಹೌದು ಸಾರ್."

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ರೋಬೋ ಬೀರುವಿಗೆ ಬೇಡ. ಮಕ್ಕಳ ಕೈಲೇ ಇರ್ಲಿ, ದಿನಾ ಪ್ರಾಕ್ಟೀಸ್ ಆಗ್ಲಿ. ಕಪ್ಪು ವೈರು ನಾನೇ ತರ್ತೀನಿ."