ಅರ್ಧ ಷೇರಿನ ಯಜಮಾನ

ಸೋಮವಾರ ಬೆಳಿಗ್ಗೆ ಬಂದ ಪತ್ರದಲ್ಲಿ ಇದ್ದದ್ದು ನಾಲ್ಕೇ ಸಾಲು. ಬೆಲೆ ಹತ್ತು ಸೆಂಟಿಗಿಂತ ಕೆಳಗಿರುವುದರಿಂದ ಚಂದ್ರಛಾಯೆ ಕಂಪನಿ ತನ್ನ ನಲವತ್ತು ಹಳೆಯ ಷೇರುಗಳನ್ನು ಕೂಡಿಸಿ ಒಂದು ಹೊಸ ಷೇರು ಮಾಡಲಿದೆ. ಪೂರ್ತಿ ಒಂದಾಗದ ಚೂರುಗಳಿಗೆ ಏನೂ ಸಿಗುವುದಿಲ್ಲ. ಇಂದು ಸಂಜೆ ನಾಲ್ಕಕ್ಕೆ ಷೇರುದಾರರ ಪಟ್ಟಿ ಮುಚ್ಚುತ್ತದೆ.

ಲಾಯ್ ಬಿಂಗ್‌ಸಮ್‌ನ ಬಳಿ ಇದ್ದದ್ದು ಇಪ್ಪತ್ತು.

ಒಂದು ಕಾಲಕ್ಕೆ ಎಂಟು ಸಾವಿರವಿದ್ದವು. ಬೆಲೆ ಕುಸಿದಾಗ ಇಪ್ಪತ್ತನ್ನು ಒಂದು ಮಾಡಿದರು, ನಾನೂರು ಉಳಿಯಿತು. ಬೆಲೆ ಇಪ್ಪತ್ತು ಪಟ್ಟಾಯಿತೆಂದು ಅಂದು ಅವನು ಹುರಿದ ಬಾತುಕೋಳಿ ತಂದು ಮನೆಯವರಿಗೆಲ್ಲ ಬಡಿಸಿದ್ದ. ಮೂಳೆ ಎಸೆಯುವಷ್ಟರಲ್ಲಿ ಬೆಲೆ ಮತ್ತೆ ಇಳಿಯತೊಡಗಿತ್ತು. ಇನ್ನೊಮ್ಮೆ ಕೂಡಿಸಿದರು, ಇಪ್ಪತ್ತು ಉಳಿಯಿತು. ಬಚ್ಚಲಿನ ಸಾಬೂನಿನ ಹಾಗೆ ಷೇರು ಸವೆಯುತ್ತ ಬಂದಿತ್ತು.

ದುಡ್ಡು ಹೋದದ್ದಕ್ಕೆ ಬಿಂಗ್‌ಸಮ್ ಎಂದೋ ಅತ್ತು ಮುಗಿಸಿದ್ದ. ಅವನಿಗೆ ಬೇಕಾದದ್ದು ಷೇರುದಾರರಿಗಷ್ಟೇ ಬಾಗಿಲು ತೆರೆಯುವ ವಾರ್ಷಿಕ ಸಭೆ. ಮೂವತ್ತು ವರ್ಷ ಬಂದರಿನ ದೋಣಿಯಲ್ಲಿ ಹಗ್ಗ ಎಸೆದವನನ್ನು ಯಾರೂ ಏನೂ ಕೇಳಿದವರಲ್ಲ. ಮನೆಯಲ್ಲಿ ಬಾಯಿ ತೆರೆದರೆ ಸೊಸೆ, "ಮಾವ, ಟಿವಿ ಕೇಳಿಸ್ತಿಲ್ಲ" ಅನ್ನುತ್ತಾಳೆ. ಆದರೆ ವರ್ಷಕ್ಕೊಮ್ಮೆ, ಆ ತಣ್ಣನೆಯ ಸಭಾಂಗಣದಲ್ಲಿ ಅವನು ಎದ್ದು ನಿಂತರೆ ಅಧ್ಯಕ್ಷರು ಕನ್ನಡಕ ತೆಗೆದು, "ಶ್ರೀ ಲಾಯ್ ಅವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ" ಎನ್ನಲೇಬೇಕು. ಆ ಒಂದು ಮಾತಿನ ಮೇಲೆ ಅವನು ವರ್ಷವಿಡೀ ತೇಲುತ್ತಿದ್ದ.

ಕೌಲೂನಿನ ದಲ್ಲಾಳಿ ಅಂಗಡಿಯಲ್ಲಿ ಎಂದಿನಂತೆ ಮುದುಕರು ಕುರ್ಚಿಗಳಲ್ಲಿ ತೂಕಡಿಸುತ್ತಿದ್ದರು. ಗೋಡೆಯ ಪರದೆ ಮೀನಿನ ತೊಟ್ಟಿಯಂತೆ ಹೊಳೆಯುತ್ತಿತ್ತು. ಹಸಿರು ಅಂಕಿಗಳು ನಿಧಾನವಾಗಿ ಈಜಿ ಬಂದು ಮರೆಯಾಗುತ್ತಿದ್ದವು.

"ಬಿಡಿಯಾಗಿ ಇಪ್ಪತ್ತು ಸಿಗಲ್ಲ ಬಿಂಗ್ ಚಿಕ್ಕಪ್ಪ," ಎಂದಳು ಗುಮಾಸ್ತೆ ಮಿಸ್ ತೌ. "ಇಪ್ಪತ್ತು ಸಾವಿರದ ಕಟ್ಟೇ ತಗೋಬೇಕು. ಎಂಟುನೂರು ಡಾಲರ್."

"ಒಂದು ತಿಂಗಳ ಚಹಾ ಕಣಮ್ಮ ಅದು!"

"ಹಾಗಾದ್ರೆ ಇಲ್ಲೇ ಯಾರ ಹತ್ರನಾದ್ರೂ ಚೂರು ಉಳಿದಿದ್ಯಾ ಕೇಳಿ."

ಅವನು ಹೋಗಿ ಮುದುಕ ಫುಕ್‌ನ ಕಿವಿಯಲ್ಲಿ ಕೇಳಿದ. ಫುಕ್ ಒಂದು ಕಣ್ಣು ತೆರೆದ. "ಚಂದ್ರಛಾಯೆನಾ? ಅದ್ಯಾಕೆ ನಿಂಗೆ?"

"ಸುಮ್ನೆ."

ಕೆಟ್ಟದ್ದು ಅಲ್ಲೇ. ಆ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಏನನ್ನೂ ಸುಮ್ಮನೆ ಕೊಂಡಿರಲಿಲ್ಲ. ಫುಕ್‌ನ ಇನ್ನೊಂದು ಕಣ್ಣೂ ತೆರೆಯಿತು. ಹನ್ನೊಂದರ ಗಾಳಿಮಾತಿನಲ್ಲಿ ಶಾಂಘೈಯ ಸಾಹುಕಾರನೊಬ್ಬ ಕಂಪನಿಯನ್ನು ಕೊಳ್ಳುತ್ತಿದ್ದ. ಹನ್ನೆರಡಕ್ಕೆ ಅವನು ಬಿಂಗ್‌ಸಮ್‌ನ ದೂರದ ನೆಂಟನಾಗಿದ್ದ. ನಾಲ್ಕು ಸೆಂಟಿನ ಷೇರು ಏಳಕ್ಕೆ ಹೋಯಿತು. ಪಕ್ಕದ ಕ್ಷೌರಿಕ ಗಿರಾಕಿಯ ಕೆನ್ನೆಗೆ ನೊರೆ ಬಳಿದು ಬಿಟ್ಟು ಓಡಿಬಂದ.

"ಬಿಂಗಣ್ಣ, ನಂಗೊಬ್ಬನಿಗೆ ಹೇಳು. ಒಳಗಿನ ವಿಷಯ ಏನು?"

"ಏನೂ ಇಲ್ಲ ಮಾರಾಯ! ನಾನು ಸಭೆಗೆ ಹೋಗ್ಬೇಕು, ಅಷ್ಟೆ!"

"ಕೇಳಿದ್ರಾ? ಸಭೆಗೆ ಹೋಗ್ತಾನಂತೆ!" ಎಂದ ಕ್ಷೌರಿಕ ಎಲ್ಲರತ್ತ ತಿರುಗಿ. "ಏನೂ ಇಲ್ದೆ ಯಾರಾದ್ರೂ ಸಭೆಗೆ ಹೋಗ್ತಾರಾ?"

ಮೂರಕ್ಕೆ ಷೇರು ಹನ್ನೊಂದು ಸೆಂಟು. ಕಟ್ಟಿನ ಮಾತೇ ಬೇಡ; ಚೂರು ಇದ್ದವರು ಕೂಡ ಅದನ್ನು ಚಿನ್ನದ ಹಲ್ಲಿನ ಹಾಗೆ ಬಾಯಿ ಮುಚ್ಚಿ ಕಾಯುತ್ತಿದ್ದರು.

ಉಳಿದವಳು ಎದುರಿನ ಚಹಾದಂಗಡಿಯ ಲಾನಕ್ಕ. ಹಿಂದೆ ಬಿಂಗ್‌ಸಮ್‌ನ ಮಾತು ಕೇಳಿಯೇ ಅವಳೂ ಎಂಟು ಸಾವಿರ ಕೊಂಡಿದ್ದಳು. ಈಗ ಅವಳಲ್ಲೂ ಇಪ್ಪತ್ತು.

"ನಿನ್ನದು ಕೊಡು ಲಾನಕ್ಕ."

"ನೀನೇ ಕೊಡು. ನನ್ನ ಮುಳುಗಿಸಿದ್ದು ನೀನು." ಅವಳು ಚಹಾ ಸೋಸುತ್ತಲೇ ಅಂದಳು. "ನಿಂದು ಅರ್ಧ, ನಂದು ಅರ್ಧ. ಇಬ್ರೂ ಹಟ ಹಿಡಿದ್ರೆ ಇಬ್ರಿಗೂ ಇಲ್ಲ. ಕೊಟ್ರೆ ಸಭೆಯಲ್ಲಿ ನಿನ್ನ ಪ್ರಶ್ನೆ ನಾನು ಕೇಳ್ತೀನಿ. ಶ್ರೀ ಲಾಯ್ ಅವರ ಪ್ರಶ್ನೆ ಅಂತಲೇ ಹೇಳ್ತೀನಿ."

ಚಹಾದ ಹಬೆಯಲ್ಲಿ ಬಿಂಗ್‌ಸಮ್‌ಗೆ ಆ ಸಭಾಂಗಣ ಕಂಡಿತು. ಅವನು ಅಲ್ಲಿಲ್ಲ. ಅವನ ಹೆಸರು ಮಾತ್ರ ಕುರ್ಚಿಗಳ ಮೇಲೆ ಮೆಲ್ಲಗೆ ತೇಲುತ್ತಿದೆ, ನೀರಿಗೆ ಬಿಟ್ಟ ಕಾಗದದ ದೀಪದಂತೆ. ಅಷ್ಟಾದರೂ ಸಾಕೆನಿಸಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಇಪ್ಪತ್ತನ್ನೂ ಅವಳ ಹೆಸರಿಗೆ ಬರೆದು ಸಹಿ ಹಾಕಿದ.

ನಾಲ್ಕೂವರೆಗೆ ಮಿಸ್ ತೌ ಕಂಪನಿಯ ಹೊಸ ಪ್ರಕಟಣೆಯನ್ನು ಗಟ್ಟಿಯಾಗಿ ಓದಿದಳು. ಬೆಲೆ ಹತ್ತು ಸೆಂಟು ದಾಟಿರುವುದರಿಂದ ಷೇರು ಕೂಡಿಸುವ ಅಗತ್ಯ ಉಳಿದಿಲ್ಲ. ಅದನ್ನು ರದ್ದು ಮಾಡಲಾಗಿದೆ. ಎಲ್ಲರ ಷೇರುಗಳೂ ಇದ್ದಂತೆಯೇ ಇರುತ್ತವೆ.

"ಎಲ್ಲಾ ಬಿಂಗಣ್ಣನ ಪುಣ್ಯ!" ಎಂದು ಕೂಗಿದ ಫುಕ್. ಮುದುಕರೆಲ್ಲ ಬಂದು ಅವನ ಬೆನ್ನು ತಟ್ಟಿದರು. ತಟ್ಟಿದವರೆಲ್ಲರೂ ಷೇರುದಾರರು.

ಅವನು ಲಾನಕ್ಕನ ಬಳಿ ಹೋದ. "ನನ್ನ ಇಪ್ಪತ್ತು…"

"ಬೆಲೆ ಏರ್ತಿದೆಯಲ್ಲ, ಈಗ ಯಾರಾದ್ರೂ ಬಿಡ್ತಾರಾ?"

"ಹೋಗ್ಲಿ. ಸಭೆಯಲ್ಲಿ ಏನಾಯ್ತು ಅಂತನಾದ್ರೂ ಬಂದು ಹೇಳ್ತೀಯ ತಾನೆ?"

ಲಾನಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಅದೆಲ್ಲ ಷೇರುದಾರರ ವಿಷಯ ಬಿಂಗಣ್ಣ. ಹೊರಗಿನವರ ಹತ್ರ ಹೇಗೆ ಹೇಳೋದು?"