ಬಚ್ಚಿಟ್ಟ ಆರೋಗ್ಯ

ಸರ್ಕಾರದಿಂದ ಬರುವುದು ನಿಲ್ಲಬಾರದು ಅಂದರೆ ನೋಡಲು ಬಂದವರ ಮುಂದೆ ಸ್ವಲ್ಪ ಇಲ್ಲದವರಂತೆ ಕಾಣಬೇಕು. ಇದು ನಮ್ಮ ಕಡೆ ಯಾರೂ ಹೇಳಿಕೊಡದೆ ಎಲ್ಲರೂ ಕಲಿತ ವಿದ್ಯೆ. ರೇಷನ್ ಕಾರ್ಡಿನ ತಪಾಸಣೆ ಅಂತ ಸುದ್ದಿಯಾದ ದಿನ ನಮ್ಮ ಫ್ರಿಜ್ಜು ಕಂಬಳಿ ಹೊದ್ದು, ರಾಗಿ ಮೂಟೆಗಳ ಜೊತೆ ತಾನೂ ಒಂದು ಮೂಟೆಯಾಗಿ ನಿಂತಿತ್ತು. ಬಂದವರು ಅದಕ್ಕೇ ಒರಗಿಕೊಂಡು ಮಜ್ಜಿಗೆ ಕುಡಿದರು. ಮಜ್ಜಿಗೆ ಇಷ್ಟು ತಣ್ಣಗೆ ಹೇಗಾಯಿತು ಅಂತ ಪುಣ್ಯಾತ್ಮರು ಕೇಳಲಿಲ್ಲ.

ಹೀಗೆ ಪಳಗಿದವಳಿಗೆ ಬಿಪಿ ಮಾತ್ರೆಯ ಚಿಂತೆ ಹತ್ತಿಕೊಂಡಿತು. ವಯಸ್ಸಾದವರಿಗೆ ಸರ್ಕಾರ ಕೊಡುವ ಮಾತ್ರೆಯನ್ನು ನರ್ಸಮ್ಮ ತಿಂಗಳಿಗೊಮ್ಮೆ ಬಂಡಳ್ಳಿಯ ನಮ್ಮ ಮನೆಗೇ ತರುತ್ತಾಳೆ. ಮೊದಲು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾಳೆ. ಹೋದ ಸಲ ನೋಡಿ, "ನೆಟ್ಟಗದೆ ಕಣಜ್ಜಿ, ಇಂಗೇ ಇರ್ಲಿ" ಅಂದಳು. ನೆಟ್ಟಗಿರುವವಳಿಗೆ ಮಾತ್ರೆ ಯಾಕೆ ಕೊಡುತ್ತಾರೆ? ಸಾಲದ್ದಕ್ಕೆ ಎದುರುಮನೆ ಸಿದ್ದಮ್ಮ, ಈ ಸಲ ಮಾತ್ರೆ ಕಡಿಮೆ ಬಂದಿದೆಯಂತೆ, ಚೆನ್ನಾಗಿರುವವರದ್ದು ಮೊದಲು ನಿಲ್ಲಿಸುತ್ತಾರಂತೆ ಅಂದಳು. ನಮ್ಮ ಯಜಮಾನರು ಬಿಪಿ ಏರಿಯೇ ಬಿದ್ದು ಹೋದವರು. ಆ ಮಾತ್ರೆ ನಿಂತರೆ ನನ್ನ ಗತಿ? ಅಂಗಡಿಯಲ್ಲಿ ಕೊಳ್ಳುವ ಶಕ್ತಿಯಿಲ್ಲ, ಮಗನನ್ನು ಕೇಳುವ ಮನಸ್ಸಿಲ್ಲ.

ಅದಕ್ಕೇ ನರ್ಸಮ್ಮ ಬರುವ ವಾರ ಮಾತ್ರೆ ನುಂಗುವುದನ್ನು ಬಿಟ್ಟೆ. ಬಿಪಿಯೂ ಏರುತ್ತದೆ, ಮಾತ್ರೆಯೂ ಉಳಿಯುತ್ತದೆ. ಎಲೆಅಡಿಕೆ ಚೀಲದೊಳಗೆ ಬಚ್ಚಿಟ್ಟೆ. ಏರಲಿ ಅಂತ ಊಟಕ್ಕೆ ಎರಡು ಹೋಳು ಉಪ್ಪಿನಕಾಯಿಯನ್ನೂ ಹೆಚ್ಚಿಗೆ ಹಾಕಿಸಿಕೊಂಡೆ.

ನರ್ಸಮ್ಮ ಪಟ್ಟಿ ಸುತ್ತಿದಳು. ನಾನು ರೋಗಿಷ್ಠೆಯ ಮುಖ ಮಾಡಿಕೊಂಡು ಕೂತೆ. ಅವಳು ಇನ್ನೊಮ್ಮೆ ಸುತ್ತಿ ನೋಡಿ, ನನಗೇನೂ ಹೇಳದೆ ಸೊಸೆಯನ್ನು ಕರೆದಳು. ಆಗ ನಿಜವಾಗಿ ಹೆದರಿದೆ. ಕೊಳ್ಳೇಗಾಲದ ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಹೋಗುವಾಗ ಸೊಸೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ತಡೆಯಲಾರದೆ ಚೀಲ ಬಿಚ್ಚಿ ತೋರಿಸಿಬಿಟ್ಟೆ.

"ಯಾಕತ್ತೆ ಇಂಗ್ ಮಾಡುದ್ರಿ?"

"ನೆಟ್ಟಗಿದ್ರೆ ಮಾತ್ರೆ ನಿಲ್ಸಿಬುಡ್ತಾರೆ ಅಂತ ಕಣವ್ವ."

"ಮಾವ ಬಿದ್ದೋದದ್ದು ಮರ್ತೋಯ್ತಾ ನಿಮ್ಗೆ?"

ಅದು ಮರೆಯದೆ ತಾನೇ ಇಷ್ಟೆಲ್ಲ ಮಾಡಿದ್ದು.

ಡಾಕ್ಟರು ಬೈಯಲಿಲ್ಲ. ಬಿಪಿ ನೆಟ್ಟಗಿದ್ದದ್ದೇ ಮಾತ್ರೆಯಿಂದ, ಇಳಿಯಿತು ಅಂತ ಯಾರೂ ನಿಲ್ಲಿಸುವುದಿಲ್ಲ, ಸಾಯುವ ತನಕ ನುಂಗಬೇಕು ಅಂದರು. ಆ ಮಾತು ಕೇಳಿ ಇಷ್ಟು ಖುಷಿಪಟ್ಟ ರೋಗಿಯನ್ನು ಅವರು ಕಂಡಿರಲಿಕ್ಕಿಲ್ಲ.

ಈಗ ನನ್ನ ಮೇಲೆ ಮನೆಯಲ್ಲಿ ಯಾರಿಗೂ ನಂಬಿಕೆಯಿಲ್ಲ. ದಿನಾ ಸೊಸೆಯ ಎದುರಿಗೇ ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಬೇಕು. ಸೊಸೆಗೆ ನಾಲಿಗೆ ಚಾಚುವ ಭಾಗ್ಯ ಎಷ್ಟು ಅತ್ತೆಯರಿಗುಂಟು? ಬೇಕಾದ್ದಕ್ಕಿಂತ ಸ್ವಲ್ಪ ಉದ್ದಕ್ಕೇ ಚಾಚುತ್ತೇನೆ.