ಕುಂಕುಮ ನಿಲ್ಲದ ಕಾರು

ಆರಿಸಿಕೊಳ್ಳುವುದು ಎಂಬ ಕೆಲಸ ನನ್ನ ಹಣೆಯಲ್ಲಿ ಬರೆದಿಲ್ಲ. ಹೋಟೆಲಿನಲ್ಲಿ ಮಾಣಿ ಬಂದು ಇಡ್ಲಿ, ವಡೆ, ಉಪ್ಪಿಟ್ಟು, ಮಸಾಲೆದೋಸೆ, ಪೂರಿ, ಶಾವಿಗೆಬಾತ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ನನ್ನ ಕಿವಿಯಲ್ಲಿ ಉಳಿಯುವುದು ಕೊನೆಯದು ಮಾತ್ರ. ಹಾಗಾಗಿ ಮಸಾಲೆದೋಸೆ ತಿನ್ನಲೆಂದೇ ಹೋಗಿ ಎಷ್ಟೋ ಸಲ ಶಾವಿಗೆಬಾತ್ ತಿಂದು ಬಂದಿದ್ದೇನೆ. ಬಟ್ಟೆ ಅಂಗಡಿಯಲ್ಲಿ ಎರಡನೆಯ ಷರಟು ಬಿಚ್ಚಿ ತೋರಿಸಿದರೆ ಮೊದಲನೆಯದೂ ಬೇಡವೆನಿಸುತ್ತದೆ. ಮದುವೆಯಲ್ಲಿ ಮಾತ್ರ ಬಚಾವಾದೆ. ನನಗೆ ತೋರಿಸಿದ್ದು ಒಂದೇ ಹೆಣ್ಣು, ಆರಿಸಿದವರೂ ಆ ಕಡೆಯವರೇ. ಇಂಥವನ ಕೈಗೆ ಒಂದು ಕಾರು ಬಂದು, ಅದಕ್ಕೆ ಏನು ಹಚ್ಚಿ ಏನು ತಿಕ್ಕಬೇಕು ಎಂಬ ಪ್ರಶ್ನೆಯೂ ಜೊತೆಗೇ ಬಂದರೆ ಅವನ ಪಾಡೇನು, ನೀವೇ ಯೋಚಿಸಿ.

ಕಾರು ನಾನು ಕೊಂಡದ್ದಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಜಯನಗರದ ಒಂಬತ್ತನೇ ಬ್ಲಾಕಿನ ನಮ್ಮ ಬೀದಿಯಲ್ಲಿ ಸ್ಕೂಟರು ಇದ್ದವನೇ ಸಾಹುಕಾರ. ಕಾರು ಬುಕ್ ಮಾಡಿದವರು ಅದು ಕೈಗೆ ಬರುವಷ್ಟರಲ್ಲಿ ಓಡಿಸುವ ಆಸೆಯನ್ನೇ ಬಿಟ್ಟಿರುತ್ತಿದ್ದರು. ತುಮಕೂರಿನಲ್ಲಿದ್ದ ನನ್ನ ಮಾವನವರಿಗೆ ಕಣ್ಣಿಗೆ ಪೊರೆ ಬಂದು, ಇನ್ನು ಕಾರು ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಅವರ ಆಕಾಶನೀಲಿ ಬಣ್ಣದ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು. ಕೊಟ್ಟರು ಎಂದರೆ ಪೂರ್ತಿ ಕೊಟ್ಟರೆಂದಲ್ಲ. "ಅಳಿಯಂದ್ರೇ, ಇವತ್ತಿನವರೆಗೆ ಈ ಕಾರಿಗೆ ಒಂದು ಗೀರು ಬಿದ್ದಿಲ್ಲ. ಮುಂದಿನ ಆಯುಧಪೂಜೆಗೆ ಬಂದು ನೋಡ್ತೀನಿ. ಚೆನ್ನಾಗಿ ಇಟ್ಕೊಂಡಿದ್ರೆ ನಿಮ್ಮದು. ಇಲ್ದಿದ್ರೆ ಬನಶಂಕರಿ ಅಳಿಯಂದ್ರು ಹೇಗೂ ಕೇಳ್ತಾ ಇದಾರೆ" ಎಂದರು. ಬನಶಂಕರಿ ಅಳಿಯಂದ್ರು ಎಂದರೆ ನನ್ನ ಷಡ್ಡಕ. ಆಸಾಮಿ ಬರೀ ಕೇಳಿ ಸುಮ್ಮನಾಗಿರಲಿಲ್ಲ, ಮನೆಯ ಪಕ್ಕದಲ್ಲಿ ಶೆಡ್ಡನ್ನೂ ಕಟ್ಟಿಸಿಬಿಟ್ಟಿದ್ದ.

ಮಾವನವರು ಇನ್ನೊಂದು ಮಾತನ್ನೂ ಹೇಳಿದ್ದರು. ಬಲಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ ಪ್ರತಿ ಆಯುಧಪೂಜೆಯಲ್ಲೂ ಅವರು ಎಣ್ಣೆಯಲ್ಲಿ ಕುಂಕುಮ ಕಲಸಿ, ಅಂಗೈಯಗಲ ಸ್ವಸ್ತಿಕ ಬರೆಯುತ್ತಿದ್ದರು. ಬೇರೆ ಕಡೆ ಯಾರು ಬೇಕಾದರೂ ಬೊಟ್ಟಿಡಬಹುದು, ಇಲ್ಲಿ ಮಾತ್ರ ಅವರೇ. "ಇದನ್ನ ಒರೆಸ್ಬೇಡಿ. ಶುಭ" ಎಂದಿದ್ದರು. ವರ್ಷ ವರ್ಷವೂ ಮೆತ್ತಿದ್ದು ಪದರ ಪದರವಾಗಿ ಗಟ್ಟಿಯಾಗಿ, ಸ್ವಸ್ತಿಕದ ಆಕಾರ ಮಾಯವಾಗಿ, ನಮ್ಮ ಮನೆಗೆ ಬರುವ ಹೊತ್ತಿಗೆ ಅದು ಸೀದ ಹಪ್ಪಳದಂತಿತ್ತು.

ನಮ್ಮ ಮನೆಗೆ ಶೆಡ್ಡಿಲ್ಲ, ಮುಂದೆ ಒಂದು ಹೊಂಗೆಮರವಿತ್ತು. ನೆರಳಿದೆಯಲ್ಲ ಎಂದು ನಾನು ಕಾರನ್ನು ಅದರ ಕೆಳಗೆ ನಿಲ್ಲಿಸುತ್ತಿದ್ದೆ. ನೆರಳು ನನಗಿಂತ ಮೊದಲು ಕಾಗೆಗಳಿಗೆ ಇಷ್ಟವಾಗಿತ್ತು. ಹೂವು, ಜಿಗುಟು, ಧೂಳು, ಕಾಗೆಗಳ ಕೃಪೆ ಎಲ್ಲ ಸೇರಿ ಆಕಾಶನೀಲಿಗೆ ಆಷಾಢದ ಮೋಡ ಕವಿಯಿತು. ಮಹಾಲಯ ಬಂತು, ಆಯುಧಪೂಜೆ ಹತ್ತಿರವಾಯಿತು. ಕಣ್ಣು ಮುಚ್ಚಿದರೆ ಷಡ್ಡಕನ ಶೆಡ್ಡು ಬಾಗಿಲು ತೆರೆದುಕೊಂಡು ನಿಂತಿರುವುದು ಕಾಣುತ್ತಿತ್ತು.

ಸಲಹೆಗೇನು ಕೊರತೆ? ಕಾರು ಇಲ್ಲದವರೆಲ್ಲ ಕಾರಿನ ವಿಷಯದಲ್ಲಿ ಪಂಡಿತರು. ಎದುರುಮನೆಯ ನಂಜುಂಡಯ್ಯನವರು ಪೇಪರು ಹಿಡಿದುಕೊಂಡೇ ಗೇಟಿಗೆ ಬಂದು, "ಸೀಮೆಎಣ್ಣೆ ಸಾರ್. ಬಟ್ಟೇಲಿ ಅದ್ದಿ ಒಂದೇ ಸಲ ಎಳೀಬೇಕು. ನನ್ನ ಸೈಕಲ್ ನೋಡಿ ಹೆಂಗಿದೆ!" ಎಂದರು. ಅವರ ಸೈಕಲ್ಲನ್ನು ನೋಡಿದರೆ ಆ ಸಲಹೆಯನ್ನು ಅಲ್ಲೇ ಬಿಡಬೇಕಾಗಿತ್ತು. ನನ್ನ ಹೆಂಡತಿ ಸರೋಜ, "ಸೀಮೆಎಣ್ಣೆ ಹಾಕಿದ್ರೆ ಬಣ್ಣಾನೇ ಕಿತ್ಕೊಂಡು ಬರತ್ತೆ ರೀ. ಅಂಟುವಾಳದ ನೊರೇಲಿ ತೊಳೀರಿ, ನನ್ನ ರೇಷ್ಮೆ ಸೀರೇನೇ ಕೆಡಲ್ಲ" ಎಂದಳು. ಆಫೀಸಿನ ಮೂರ್ತಿ ಇಬ್ಬರನ್ನೂ ತಳ್ಳಿಹಾಕಿದ. "ಗುರೂ, ಇವೆಲ್ಲ ಹಳ್ಳಿ ವೈದ್ಯ. ಸೀದಾ ಜೆ.ಸಿ. ರೋಡಿಗೆ ಹೋಗು, ವ್ಯಾಕ್ಸ್ ಅಂತ ಕೇಳು. ಸಖತ್ತಾಗಿರತ್ತೆ." ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಬಾನೆಟ್ಟಿಗೆ ಸೀಮೆಎಣ್ಣೆ, ಬಾಗಿಲುಗಳಿಗೆ ಅಂಟುವಾಳ ಎಂದು ಹಂಚಿಬಿಟ್ಟೆ. ಸಂಜೆಗೆ ಕಾರು ಎರಡು ಬಣ್ಣದ್ದಾಗಿತ್ತು.

ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಯವನು ನನ್ನ ಕಷ್ಟವನ್ನು ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಶುರುಮಾಡಿದ. "ಪೇಂಟು ಡಲ್ಲಾಗಿದ್ಯಾ, ಸತ್ತೋಗಿದ್ಯಾ ಸಾರ್?" ನಾನು ಆಸ್ಪತ್ರೆಯಲ್ಲಿ ರೋಗಿಯ ಕಡೆಯವನಂತೆ, "ಉಸಿರಾಡ್ತಾ ಇದೆ ಅನ್ಸತ್ತೆ" ಎಂದೆ. "ಹಂಗಾದ್ರೆ ಉಜ್ಜೋ ಕಾಂಪೌಂಡ್ ಹಾಕ್ತೀರೋ, ಪಾಲಿಶ್ ಹಾಕ್ತೀರೋ, ವ್ಯಾಕ್ಸೋ? ಕಾಂಪೌಂಡಲ್ಲೂ ತರಿ ಇದೆ, ನೈಸ್ ಇದೆ. ಪಾಲಿಶಲ್ಲಿ ಕ್ರೀಮಿದೆ, ನೀರಿನ ಥರದ್ದಿದೆ. ಒಳಗಡೆ ಸೀಟು ಬಟ್ಟೆಯೋ ರೆಕ್ಸಿನ್ನೋ? ಡ್ಯಾಶ್‌ಬೋರ್ಡಿಗೆ ಬೇರೆ ಬೇಕಾ?" ಎಂದು ಹಲಗೆಯ ಮೇಲೆ ಡಬ್ಬದ ಪಕ್ಕ ಡಬ್ಬ ಇಡುತ್ತ ಹೋದ. ಯಾವುದು ಕೊಳೆ ತೆಗೆಯುವುದು, ಯಾವುದು ಹೊಳಪು ಕೊಡುವುದು, ಯಾವುದರ ಮೇಲೆ ಯಾವುದು ಎಂದು ಅವನು ಹೇಳಿದ್ದೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಕೊನೆಗೆ ನಾನು ಎಲ್ಲವನ್ನೂ ಕಟ್ಟಿಕೊಡಲು ಹೇಳಿದೆ. ಆರಿಸಲು ಬಾರದವನಿಗೆ ಇರುವ ದಾರಿ ಅದೊಂದೇ.

ಒಳಗಿನಿಂದ ಆರಂಭಿಸಿದ್ದೇ ತಪ್ಪಾಯಿತು. ರೆಕ್ಸಿನ್ ಸೀಟಿಗೆ ಕೊಬ್ಬರಿಎಣ್ಣೆ ಸಾಕು ಎಂದು ಸರೋಜ ಹೇಳಿದ್ದಳು. ಅಂಗಡಿಯವನು ಒಂದು ಬಾಟಲಿ ಕೊಟ್ಟಿದ್ದ. ಎರಡನ್ನೂ ಹಚ್ಚಿದೆ. ಮಾರನೆಯ ದಿನ ಅವಳನ್ನು ಕೂರಿಸಿಕೊಂಡು ಶಾಪಿಂಗ್ ಕಾಂಪ್ಲೆಕ್ಸಿಗೆ ತರಕಾರಿ ತರಲು ಹೋದರೆ, ಪ್ರತಿ ತಿರುವಿನಲ್ಲೂ ಅವಳು ಚೀಲದ ಸಮೇತ ಜಾರಿ ನನ್ನ ಮೇಲೆ ಬರುತ್ತಿದ್ದಳು ಅಥವಾ ಬಾಗಿಲಿಗೆ ಹೋಗಿ ಅಂಟಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಹತ್ತಿರ ಕೂತಿರಲಿಲ್ಲ. "ಜನ ನೋಡ್ತಾರೆ ರೀ, ನೆಟ್ಟಗೆ ಓಡ್ಸಿ" ಎಂದು ನನ್ನನ್ನೇ ಗದರಿದಳು. ಬೆಳಗಾಗುವಷ್ಟರಲ್ಲಿ ಕೊಬ್ಬರಿಎಣ್ಣೆಯ ವಾಸನೆಗೆ ಬೀದಿಯ ಇರುವೆಗಳೆಲ್ಲ ಒಳಗೆ ಸಂಸಾರ ಹೂಡಿದ್ದವು.

ಹೊರಗಿನ ಕೆಲಸಕ್ಕೆ ಹಬ್ಬದ ಹಿಂದಿನ ದಿನ ರಜಾ ಹಾಕಿದೆ. ಕಾಂಪೌಂಡ್ ಮೊದಲೋ ಪಾಲಿಶ್ ಮೊದಲೋ ನೆನಪಿಗೆ ಬರಲಿಲ್ಲ. ಅಂತೂ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹಚ್ಚಿ ತಿಕ್ಕಿದೆ. ಆಶ್ಚರ್ಯವೆಂದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಆಕಾಶ ಕಂಡಿತು. ಬಾನೆಟ್ಟಿನಲ್ಲಿ ನನ್ನ ಮುಖ, ಮುಖದ ಹಿಂದೆ ಹೊಂಗೆಮರ, ಮರದಲ್ಲಿ ಕಾಗೆ ಎಲ್ಲ ಸ್ಪಷ್ಟವಾಗಿ ತೋರಿದವು. ಇಷ್ಟು ಹೊಳಪಿನ ನಡುವೆ ಆ ಸೀದ ಹಪ್ಪಳವೊಂದು ಕಣ್ಣಿಗೆ ಚುಚ್ಚತೊಡಗಿತು. ಹೇಗೂ ನಾಳೆ ಮಾವನವರೇ ಬಂದು ಹೊಸದಾಗಿ ಬರೆಯುತ್ತಾರಲ್ಲ ಎಂದು ತರಿ ಕಾಂಪೌಂಡ್ ಹಾಕಿ ಭರದಿಂದ ಉಜ್ಜಿದೆ. ಕುಂಕುಮವೇನೋ ಹೋಯಿತು. ಅದರಡಿಯಲ್ಲಿ ಬೆರಳುದ್ದದ ಒಂದು ಗೀರು, ಗೀರಿನ ಸುತ್ತ ಎಲ್ಲೂ ಇಲ್ಲದ ಒಂದು ಹಸಿರುಮಿಶ್ರಿತ ನೀಲಿ!

ಬಟ್ಟೆಯಲ್ಲಿ ಮರಳು ಸೇರಿತ್ತೇ? ತರಿ ಕಾಂಪೌಂಡ್ ಬಣ್ಣವನ್ನು ತಿಂದಿತೇ? ಸೀಮೆಎಣ್ಣೆಗೂ ವ್ಯಾಕ್ಸಿಗೂ ಆಗಿಬರಲಿಲ್ಲವೇ? ಯಾವ ಡಬ್ಬವನ್ನು ಬೈಯಬೇಕೆಂದೂ ತಿಳಿಯಲಿಲ್ಲ. ಮುಚ್ಚೀತೇನೋ ಎಂದು ಅದರ ಮೇಲೆ ಎರಡು ಪದರ ವ್ಯಾಕ್ಸ್ ಬಳಿದೆ, ಗೀರು ಇನ್ನಷ್ಟು ಹೊಳೆಯಿತು. ಒಂದು ಗೀರೂ ಇಲ್ಲದ ಕಾರನ್ನು ನನ್ನ ಕೈಯಾರೆ ಕೆಡಿಸಿದ್ದೆ. ನಿಜವಾಗಿಯೂ ಅಳು ಬಂದಿತ್ತು. ಸರೋಜಳೇ ಧೈರ್ಯ ಹೇಳಿದಳು. "ಬೆಳಿಗ್ಗೆ ಅಪ್ಪ ಬರೋದ್ರೊಳಗೆ ಅದರ ಮೇಲೆ ನಾವೇ ಒಂದು ಸ್ವಸ್ತಿಕ ಬರೆದುಬಿಡೋಣ. ಏನೂ ಕಾಣಲ್ಲ."

ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಗಂಧ ಹಚ್ಚಿದೆ. ಜಾರಿತು. ಅರಿಶಿನ ಹಚ್ಚಿದೆ. ಅದೂ ಜಾರಿತು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಕೆಸುವಿನ ಎಲೆಯ ಮೇಲಿನ ನೀರಿನಂತೆ, ನಿಲ್ಲುವ ಲಕ್ಷಣವನ್ನೇ ತೋರದೆ ಇಳಿದು ಬಂಪರಿನ ಮೇಲೆ ತೊಟ್ಟಿಕ್ಕಿತು. ವ್ಯಾಕ್ಸು ಎಂದರೇನು ಎಂದು ನನಗೆ ಆಗ ಅರ್ಥವಾಯಿತು. ನಾನು ಒರೆಸುವುದು, ಹಚ್ಚುವುದು, ಅದು ಜಾರುವುದು ನಡೆಯುತ್ತಿರುವಾಗಲೇ ಗೇಟಿನ ಮುಂದೆ ಆಟೋ ನಿಂತು ಅತ್ತೆ ಮಾವ ಇಳಿದರು.

ಪೊರೆ ತೆಗೆಸಿಕೊಂಡಿದ್ದ ಮಾವನವರಿಗೆ ದಪ್ಪ ಕನ್ನಡಕ ಬಂದಿತ್ತು. ಆ ಕನ್ನಡಕ ಬಾನೆಟ್ಟನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ನೇರವಾಗಿ ಮಡ್‌ಗಾರ್ಡಿಗೆ ಹೋಯಿತು. ಮುಖ ಬಿಳಿಚಿಕೊಂಡಿತು. ಅತ್ತೆಯವರೂ ಬಗ್ಗಿ ನೋಡಿ, "ಏನ್ರೀ ಇದು, ಇಷ್ಟುದ್ದ ಗೀರು?" ಎಂದು ಗಂಡನನ್ನೇ ಕೇಳಿದರು. ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ನಾನು ತಡೆಯಲಾರದೆ, "ನನ್ನದೇ ತಪ್ಪು ಅತ್ತೆ. ಕಾಂಪೌಂಡ್ ಹಾಕಿ ಜಾಸ್ತಿ ಉಜ್ಜಿಬಿಟ್ಟೆ" ಎಂದೆ.

ಮಾವನವರು ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಲಿ? ಮೊದಲು ಬೆರಗು, ಆಮೇಲೆ ಒಂದು ದೊಡ್ಡ ನೆಮ್ಮದಿ. "ಹೋಗ್ಲಿ ಬಿಡೇ" ಎಂದರು ಹೆಂಡತಿಗೆ. "ಏನೋ ಉತ್ಸಾಹದಲ್ಲಿ ಉಜ್ಜಿದಾರೆ. ಹಬ್ಬದ ದಿನ ಅನ್ನಬಾರದು." ಅತ್ತೆಯವರು ನಿಟ್ಟುಸಿರು ಬಿಟ್ಟರು. "ನಿಮ್ಮ ಕೈಲಿದ್ದಷ್ಟು ದಿನ ಒಂದ್ ಗೀರು ಇರ್ಲಿಲ್ಲ ನೋಡಿ."

ಪೂಜೆಯಾಗಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಒಂದು ಸುತ್ತು ಹೋಗಿಬರಲು ಹೊರಟಾಗ ಮಾವನವರು ಬೇರೆ ಯಾರನ್ನೂ ಹತ್ತಗೊಡಲಿಲ್ಲ. ಮೊದಲ ತಿರುವಿನಲ್ಲಿ ಸೀಟಿನ ಮೇಲೆ ಜಾರಿ ಬಾಗಿಲಿಗೆ ಅಂಟಿಕೊಂಡವರು ಅಲ್ಲಿಂದಲೇ ತಗ್ಗಿದ ದನಿಯಲ್ಲಿ, "ಅಳಿಯಂದ್ರೇ, ಅದು ನಿಮ್ಮ ಕಾಂಪೌಂಡ್ ಅಲ್ಲ. ನಮ್ಮನೆ ಗೇಟು" ಎಂದರು. "ಕಾರು ಬಂದ ವಾರಾನೇ. ನಿಮ್ಮತ್ತೆ ಬೇಡ ಬೇಡ ಅಂತಿದ್ರೂ ತಗೊಂಡಿದ್ದೆ. ಗೇಟಿಗೆ ತಾಗಿಸ್ದೆ ಅಂದಿದ್ರೆ ಆ ಮನೇಲಿ ಬಾಳೋಕ್ಕಾಗ್ತಿತ್ತೇನ್ರೀ? ಬಣ್ಣ ಹಚ್ಚೋನು ಬೇರೆ ನೀಲಿ ಹಚ್ಚಿ ಕೂತ. ಪುಣ್ಯಕ್ಕೆ ಅಷ್ಟರಲ್ಲಿ ಆಯುಧಪೂಜೆ ಬಂತು."

ಮೊದಲು ಕೋಪ ಬಂತು. ರಾತ್ರಿಯೆಲ್ಲ ನಿದ್ದೆಗೆಟ್ಟವನು ನಾನು. ಆದರೆ ಅಷ್ಟು ವರ್ಷ ಯಾರೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದೆನೋ ಆ ಮನುಷ್ಯ ಬಾಗಿಲಿಗೆ ಒರಗಿ ಕಳ್ಳ ಹುಡುಗನಂತೆ ನಗುವುದನ್ನು ನೋಡಿ ನನಗೂ ನಗು ಬಂತು. ಅವರ ಮೇಲೆ ಮೊದಲ ಸಲ ಪ್ರೀತಿಯೂ ಬಂತು. "ಕಾರು ನಿಮ್ಮದೇ" ಎಂದರು. "ಬನಶಂಕರಿಯವರು ಶೆಡ್ಡಲ್ಲಿ ಸೌದೆ ಹಾಕ್ಕೊಳ್ಳಲಿ."

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ಹೊಸದಾಗಿ ಏಳುತ್ತಿದ್ದ ಬಿ.ಟಿ.ಎಂ. ಲೇಔಟಿನಲ್ಲಿ ಸೈಟು ನೋಡಿಬರಲು ಒಬ್ಬನೇ ಹೋಗಿದ್ದೆ. ಒಬ್ಬನೇ ಏಕೆಂದರೆ ಸರೋಜಳಿಗೆ ಅಲ್ಲಿ ಸೈಟು ಬೇಡವಾಗಿತ್ತು. ಮರಳುವಾಗ ಏನಾಯಿತೆಂದು ವಿವರಿಸುವುದಿಲ್ಲ. ಲೇಔಟುಗಳಲ್ಲಿ ಸೈಟಿನ ಕಲ್ಲುಗಳನ್ನು ಇಷ್ಟು ಗಿಡ್ಡವಾಗಿ ನೆಡಬಾರದು, ಅಷ್ಟೇ. ಮರುದಿನವೇ ಜೆ.ಸಿ. ರಸ್ತೆಗೆ ಹೋಗಿ, "ಹೊಳಪು ತೆಗೆಯೋದು ಏನಾದ್ರೂ ಇದ್ಯಾ? ಕುಂಕುಮ ಗಟ್ಟಿಯಾಗಿ ನಿಲ್ಲಬೇಕು" ಎಂದೆ. ಅಂಗಡಿಯವನು ನನ್ನನ್ನು ಒಮ್ಮೆ ನೋಡಿ, ಎಂದಿನಂತೆ ಡಬ್ಬದ ಪಕ್ಕ ಡಬ್ಬ ಇಟ್ಟ. ಜೀವನದಲ್ಲಿ ಮೊದಲ ಸಲ ನಾನು ಗೊಂದಲವಿಲ್ಲದೆ ಒಂದನ್ನು ಬೆರಳಿಟ್ಟು ತೋರಿಸಿದೆ.

ಆ ಸಲದ ಆಯುಧಪೂಜೆಯಲ್ಲಿ ಎಡಗಡೆಯ ಹಿಂಬಾಗಿಲಿನ ಮುಂದೆ ನಾನು ಕುಕ್ಕರುಗಾಲಿನಲ್ಲಿ ಕೂತು, ಯಾರನ್ನೂ ಹತ್ತಿರ ಬರಗೊಡದೆ ಕುಂಕುಮ ಬಳಿಯುತ್ತಿದ್ದುದನ್ನು ಸರೋಜ ನೋಡಿ, "ಬರ್ತಾ ಬರ್ತಾ ನಿಮಗೂ ನಮ್ಮಪ್ಪನ ಹಾಗೇ ಭಕ್ತಿ ಬಂತು" ಎಂದು ಮೆಚ್ಚಿಕೊಂಡಳು. ಮಾವನವರು ಹಿಂದೆ ನಿಂತು ಕೆಮ್ಮಿದರು. ಅವರ ಸ್ವಸ್ತಿಕ ಅಂಗೈಯಗಲವಿತ್ತು. ನನ್ನದನ್ನು ಊಟದ ತಟ್ಟೆಯಷ್ಟು ಅಗಲ ಬರೆಯಬೇಕಾಯಿತು.